ಅಜ್ಜಿಯ ಮನೆಯ ಇಪ್ಪತ್ತಾರು ಮಕ್ಕಳು

ಒಂದೇ ಮಗುವನ್ನು ಎರಡು ಇಲಾಖೆಗಳು ನೋಡಿಕೊಳ್ಳುವ ಕಡೆ ಇಂಥವು ಆಗುತ್ತಲೇ ಇರುತ್ತವೆ.

ಆ ಮಂಗಳವಾರ ಕಡ್ಡಿರಾಂಪುರದ ಶಾಲೆಯಲ್ಲಿ ಏಳರ ಮಗ್ಗಿ ಹೇಳಿಸುತ್ತಿದ್ದೆ. ಭತ್ತದ ಗಾಡಿಯವನೊಬ್ಬ ಬಾಗಿಲಲ್ಲಿ ನಿಂತು, "ಮಾಸ್ತರ, ಕಂಪ್ಲ್ಯಾಗ ಅಮ್ಮ ಬಂದಾಳ್ರಿ" ಎಂದ. ಅಮ್ಮ ಎಂದರೆ ಸಿಡುಬು. ಹಿಂದಿನ ವರ್ಷ ಅದು ಬಂದಾಗ, ದೇವಿ ಹಾಕುವವರನ್ನು, ಅಂದರೆ ಸಿಡುಬಿನ ಲಸಿಕೆ ಚುಚ್ಚುವವರನ್ನು, ಕಳಿಸಿರೆಂದು ವಿದ್ಯಾ ಇಲಾಖೆಗೂ ಆರೋಗ್ಯ ಇಲಾಖೆಗೂ ಬರೆದಿದ್ದೆ. ಉತ್ತರ ಬರುವ ಮೊದಲೇ ನನ್ನ ಒಬ್ಬಳೇ ಮಗಳು ತೀರಿಕೊಂಡಳು. ಈ ಸಲ ಬರೆಯಲಿಲ್ಲ. ಹೊಸಪೇಟೆಗೆ ನಡೆದುಹೋಗಿ ದೇವಿ ಹಾಕುವವರೊಬ್ಬರನ್ನು ಕರೆತಂದೆ.

೧. ಮಕ್ಕಳಿಲ್ಲದ ಊರು

ದೇವಿ ಹಾಕುವವರು ಶಾಲೆಯ ಹೊಸ್ತಿಲು ದಾಟಲಿಲ್ಲ.

"ನನಗ ಮನಿಮನಿಗೆ ಹೋಗಾಕ ಹುಕುಂ ಐತ್ರಿ. ಸಾಲಿ ವಿದ್ಯಾ ಇಲಾಖೆದು."

ಊರೆಲ್ಲ ತಿರುಗಿದರು. ಮಕ್ಕಳೆಲ್ಲ ನನ್ನ ಮುಂದೆ ಕೂತಿದ್ದರು. ಮಧ್ಯಾಹ್ನ ಶಾಲೆಯ ಬಾಗಿಲಿಗೆ ಬಂದು, ಪುಸ್ತಕದಲ್ಲಿ "ಮಕ್ಕಳಿಲ್ಲ" ಎಂದು ಬರೆದು, ಕುಡಿಯಲು ನೀರು ಕೇಳಿದರು. ಚೊಂಬಿಗಾಗಿ ಇಪ್ಪತ್ತಾರು ಮಕ್ಕಳು ಎದ್ದು ಓಡಿದರು.

೨. ಮಕ್ಕಳಿಲ್ಲದ ಶಾಲೆ

ಮರುದಿನ ಎಲ್ಲರನ್ನೂ ಮನೆಯಲ್ಲೇ ಇರಿಸಿದೆ. ದೇವಿ ಹಾಕುವವರು ಬರಲಿಲ್ಲ, ಶಾಲೆಗಳ ಇನ್‌ಸ್ಪೆಕ್ಟರು ಬಂದರು.

"ಮಕ್ಕಳೆಲ್ಲಿ?"

"ದೇವಿ ಹಾಕಿಸಲು ಮನೆಯಲ್ಲಿದ್ದಾರೆ, ಸಾರ್."

"ಅದು ಆರೋಗ್ಯ ಇಲಾಖೆಯ ಕೆಲಸ. ನಾಳೆ ಮತ್ತೆ ಬರುತ್ತೇನೆ. ಹೀಗೇ ಇದ್ದರೆ ಶಾಲೆ ಮುಚ್ಚಿಸುತ್ತೇನೆ."

ಸಂಜೆ ದೇವಿ ಹಾಕುವವರು ದಾರಿಯಲ್ಲಿ ಸಿಕ್ಕರು. ಎಲ್ಲಿ ಹೋಗಿದ್ದಿರಿ ಎಂದೆ.

"ಸಾಲ್ಯಾಗ ಹಾಕಾಕ ನಿಮ್ಮ ಇನ್‌ಸ್ಪೆಕ್ಟರ ಅಪ್ಪಣಿ ಬೇಕಲ್ಲರಿ. ಹೊಸಪೇಟ್ಯಾಗ ದಿನಾ ಪೂರ್ತಿ ಕಾದೆ. ಅವರು ಇಲ್ಲಿಗೆ ಬಂದಿದ್ದರಂತ."

೩. ಅಜ್ಜಿಯ ಕಟ್ಟೆ

ಅಷ್ಟರಲ್ಲಿ ಇನ್ನೂ ಹತ್ತಿರದ ಪಾಪಿನಾಯಕನಹಳ್ಳಿಗೂ ಸಿಡುಬು ಬಂದಿತ್ತು. ಶಾಲೆಯ ಪಕ್ಕದ ಮನೆಯ ಅಜ್ಜಿ ಎಲ್ಲ ಕೇಳಿಸಿಕೊಂಡು, "ಅವರು ಸಾಲಿಗೆ ಬರಂಗಿಲ್ಲ, ಇವರು ಮನಿಗೆ ಬಿಡಂಗಿಲ್ಲ. ಸಾಲಿನ ನಮ್ಮನಿಗೆ ತರ್ರಿ ಮಾಸ್ತರ" ಎಂದಳು.

ಬೆಳಿಗ್ಗೆ ಅವಳ ಕಟ್ಟೆಯ ಗೋಡೆಗೆ ಕಪ್ಪು ಹಲಗೆ ತೂಗುಹಾಕಿದೆ. ಇನ್‌ಸ್ಪೆಕ್ಟರು ಹಲಗೆ ನೋಡಿದರು, ಹಾಜರಿ ನೋಡಿದರು, ಸಹಿ ಮಾಡಿ ಹೋದರು. ಅವರ ಬೆನ್ನಿಗೇ ದೇವಿ ಹಾಕುವವರು ಬಂದರು. ಒಲೆಯ ಹೊಗೆ ನೋಡಿ, ಇದು ಮನೆಯೇ ಎಂದುಕೊಂಡು ಪೆಟ್ಟಿಗೆ ತೆರೆದರು.

"ಅಷ್ಟೂ ಈ ಮನಿ ಮಕ್ಕಳಾ, ಬೇ?"

"ಹೂನಪ್ಪ."

"ಎಲ್ಲಾ ಒಂದಾ ವಯಸ್ಸಿನವು ಕಾಣ್ತಾವಲ್ಲ?"

"ಜಲ್ದಿ ಜಲ್ದಿ ಹುಟ್ಯಾವ. ನೀನೂ ಜಲ್ದಿ ಹಾಕು."

ಅವರು ನಗದೆ ಬರೆದುಕೊಂಡರು: ಮನೆ ಒಂದು, ಮಕ್ಕಳು ಇಪ್ಪತ್ತಾರು.

ಕೊನೆಯ ತೋಳಿಗೂ ಹಾಕಿಯಾಯಿತು. ಅವರು ಪೆಟ್ಟಿಗೆ ಮುಚ್ಚದೆ, ಊರಿನ ಮನೆಗಳ ಹೋದ ವರ್ಷದ ಪಟ್ಟಿ ತೆಗೆದು ಅದರ ಮೇಲೆ ಬೆರಳಾಡಿಸಿದರು.

"ಇನ್ನ ಒಂದಾ ಮನಿ ಬಾಕಿ ಐತಿ, ಮಾಸ್ತರ. ನಿಮ್ಮದು."

ನನ್ನ ಹೆಸರಿನ ಮುಂದೆ "ಮಗು: ಒಂದು" ಎಂದಿತ್ತು.