ರುಮಾಲಿನೊಳಗಿನ ಮುಲಾಖಾತು

ದೊಡ್ಡ ಉದ್ಯಮಿಗಳ ಸಂದರ್ಶನ, ಅಂದರೆ ನಮ್ಮ ಕಡೆಯ ಮುಲಾಖಾತು, ಪಡೆದು, ಅದನ್ನು ಪೊಟ್ಟಣ ಕಟ್ಟಿ ಸಣ್ಣವರಿಗೆ ಮಾರುವ ಕಚೇರಿಯು ನಲವತ್ತೊಂಬತ್ತನೆಯ ಇಸವಿಯಲ್ಲಿ ಹುಮನಾಬಾದಿನಲ್ಲಿ ವಿಧಿವತ್ತಾಗಿ ಆರಂಭವಾಯಿತು. ಆ ಕಚೇರಿಯ ಅಧಿಕೃತ ಕೈ ನಾನೇ. ಬಾಯಿ, ಕಿವಿ, ಮೂಗು ಬೇರೆಯವರಿದ್ದರು. ಕೈ ಮಾತ್ರ ನಾನು.

ನಿಜಾಮನ ರಾಜ್ಯ ಮುಗಿದು ವರ್ಷವಾಗಿತ್ತು. ಹಳೆಯ ಬೋರ್ಡಿನ ಮೇಲೆ ಬಳಿದ ಹೊಸ ಬಣ್ಣ ಇನ್ನೂ ಕೈಗೆ ಹತ್ತುತ್ತಿತ್ತು. ಸೆಕ್ರೆಟರಿ ಸೂರ್ಯಕಾಂತರಾಯರು ಸೋಲಾಪುರದಲ್ಲಿ ಓದಿ ಬಂದವರು. ಅವರು ಹೊರಡಿಸಿದ ಮೊದಲ ಜಾಹೀರಾತು ಹೀಗಿತ್ತು: “ದೊಡ್ಡವರು ದೊಡ್ಡವರಾದದ್ದು ಜ್ಞಾನದಿಂದ. ಆ ಜ್ಞಾನ ಅವರ ಹೊಟ್ಟೆಯಲ್ಲಿ ಸುಮ್ಮನೆ ಬಿದ್ದಿದೆ. ಅದನ್ನು ಹೊರತೆಗೆದು ಯೋಗ್ಯ ಬೆಲೆಗೆ ಮಾರುವುದು ದೇಶಸೇವೆ ಎಂದು ತಿಳಿಯತಕ್ಕದ್ದು.”

ಮೊದಲ ಮುಲಾಖಾತು ಭೀಮಶಾ ಸಾವ್ಕಾರರದು. ಹತ್ತಿ ಗಿರಣಿ, ಎಣ್ಣೆ ಗಿರಣಿ ಎರಡೂ ಅವರವೇ. ಸೆಕ್ರೆಟರಿ ಪೆನ್ನು ಬಿಚ್ಚಿ, ತಾವು ಇಷ್ಟು ದೊಡ್ಡವರಾದದ್ದು ಹೇಗೆಂದು ಕೇಳಿದರು.

ಸಾವ್ಕಾರರು ಎಲೆ ಅಡಿಕೆ ಅಗಿಯುತ್ತ, “ಯಾಪಾರದ ಮಾತು ಬಾಯಿಲೆ ಆಡೂದು ನಮ್ಮ ಮನಿತನದಾಗ ಇಲ್ಲರಿ. ರುಮಾಲ ತರಸ್ರಿ,” ಅಂದರು.

ದನದ ಬಜಾರ ನೋಡಿದವರಿಗೆ ಇದು ಗೊತ್ತು. ಎತ್ತು ಕೊಳ್ಳುವವನೂ ಮಾರುವವನೂ ರುಮಾಲಿನ ಕೆಳಗೆ ಕೈ ಇಟ್ಟು, ಬೆರಳು ಹಿಚುಕಿ ದರ ಹೇಳುತ್ತಾರೆ. ಸುತ್ತ ನಿಂತವರಿಗೆ ತಿಳಿಯಬಾರದು. ಈ ವಿದ್ಯೆಯಲ್ಲಿ ನನಗೆ ಸಮ ಯಾರೂ ಇರಲಿಲ್ಲ. ನಾನು ಸಾಲಿಯ ಮೆಟ್ಟಿಲು ಹತ್ತಿದವನಲ್ಲ. ಆದರೆ ಒಮ್ಮೆ ಮಾಣಿಕನಗರದಲ್ಲಿ ನಾನು ಹಿಚುಕಿದ ಜೋರಿಗೆ ಒಬ್ಬ ಮಾಲಕ ಎತ್ತಿನ ಜೊತೆ ಬಂಡಿಯನ್ನೂ ನನಗೆ ಬಿಟ್ಟು, ನಡೆಯುತ್ತ ತನ್ನೂರು ನಿರ್ಣಾಕ್ಕೆ ಹೋದ. ಸುಳ್ಳೆನಿಸಿದರೆ ಬಂದು ನೋಡಿರಿ. ಅವನು ಸತ್ತಿದ್ದಾನೆ, ಬಂಡಿ ಇದೆ.

ಹೀಗೆ ನನ್ನ ನೇಮಕವಾಯಿತು. ರುಮಾಲು ಹಾಸಿದರು. ಸಾವ್ಕಾರರು ಅದರ ಕೆಳಗೆ ನನ್ನ ಬೆರಳು ಹಿಡಿದರು.

“ಏಳು,” ಅಂದೆ ನಾನು.

“ಏಳು ಏನು?” ಅಂದರು ಸೆಕ್ರೆಟರಿ.

“ರುಮಾಲಿನ್ಯಾಗ ಬರೇ ಅಂಕಿ ಬರ್ತದರಿ. ಏನು, ಯಾಕ ಅಂತ ಕೇಳೂ ರಿವಾಜಿಲ್ಲ.”

ಕೂಲಿಕಾರರನ್ನು ಹೇಗೆ ನೋಡಿಕೊಳ್ಳುತ್ತೀರಿ ಎಂಬ ಪ್ರಶ್ನೆಗೆ ಮುಕ್ಕಾಲು ಎಂದು ಉತ್ತರ ಬಂತು. ತರುಣರಿಗೆ ತಮ್ಮ ಸಂದೇಶ: ಹದಿನೆಂಟೂವರೆ. ಸೆಕ್ರೆಟರಿ ಮೂರೂ ಅಂಕಿ ಬರೆದುಕೊಂಡರು. ಬಳಿಕ, “ಜ್ಞಾನ ಅಂದಮ್ಯಾಲ ಅದು ಸಂಕ್ಷಿಪ್ತನ ಇರಬೇಕು,” ಎಂದು ಪೆನ್ನು ಮುಚ್ಚಿದರು.

ರುಮಾಲನ್ನು ಚೂರು ಮಾಡಿ, ಒಂದೊಂದು ಚೂರಿನಲ್ಲಿ ಆ ಅಂಕಿಗಳನ್ನು ಸುತ್ತಿ, ಅರಗಿನ ಮುದ್ರೆ ಒತ್ತಿ ಮಾರಿದೆವು. ಜನ ಮುಗಿಬಿದ್ದರು. ಹುಡಗಿ ಎಂಬ ಊರಿನ ಒಬ್ಬ ಹದಿನೆಂಟೂವರೆ ಗಜದ ಧೋತರ ಉಟ್ಟು ಅಂಗಡಿ ತೆಗೆಯಲು ಹೊರಟ. ಸುತ್ತಿ ಮುಗಿಸುವಷ್ಟರಲ್ಲಿ ಬಜಾರ ಎದ್ದುಹೋಗಿತ್ತು. ಇನ್ನೊಬ್ಬ ತನ್ನ ಆಳುಗಳಿಗೆ ಮುಕ್ಕಾಲು ರೊಟ್ಟಿ ಕೊಟ್ಟು, ಉಳಿದ ಕಾಲು ರೊಟ್ಟಿಗಳನ್ನು ಪೇರಿಸಿಕೊಂಡು, ಗಿರಣಿ ಯಾವಾಗ ಬರುತ್ತದೋ ಎಂದು ಬಾಗಿಲಲ್ಲಿ ಕೂತ. ಒಬ್ಬನೂ ತಕರಾರು ಮಾಡಲಿಲ್ಲ. ಮಾಡಿದರೆ ಜ್ಞಾನ ತನ್ನ ತಲೆಗೆ ಹತ್ತಲಿಲ್ಲವೆಂದು ಒಪ್ಪಿದಂತಾಗುತ್ತಿತ್ತು.

ಆಮೇಲೆ ನಿಯಮ ಬಂತು. ಕಚೇರಿ ಮಾರಿದ ಜ್ಞಾನ ಕಚೇರಿಯ ಸ್ವತ್ತು. ಪೊಟ್ಟಣ ಕೊಳ್ಳದೆ ಯಾರೂ ಆ ಕಸುಬು ಮಾಡತಕ್ಕದ್ದಲ್ಲ. ಮುಲಾಖಾತು ಕೊಟ್ಟ ಉದ್ಯಮಿಗೆ ಮಾತ್ರ ಮಾಫಿ. ಈ ನಿಯಮ ಓದಿಸಿ ಕೇಳಿದ ದಿನವೇ ಭೀಮಶಾ ಸಾವ್ಕಾರರಿಗೆ ಕಲ್ಯಾಣಿಯ ಸರ್ವರಿ ನೆನಪಾದಳು. ಕಲ್ಯಾಣಿ ಅಂದರೆ ನೀವೀಗ ಬಸವಕಲ್ಯಾಣ ಅನ್ನುವ ಊರು. ಅಲ್ಲಿ ಕೋಟೆಯ ಹತ್ತಿರ ಗಂಡನಿಲ್ಲದ ಈ ಹೆಂಗಸು ಎತ್ತಿನ ಗಾಣ ನಡೆಸುತ್ತಿದ್ದಳು. ಅವಳ ಕುಸುಬಿ ಎಣ್ಣೆ ಇರುವತನಕ ಆ ಊರಲ್ಲಿ ಗಿರಣಿ ಎಣ್ಣೆಯನ್ನು ಬಾಗಿಲ ಕೀಲಿಗೂ ಹಾಕುತ್ತಿರಲಿಲ್ಲ.

“ಆಕಿನೂ ದೊಡ್ಡಾಕಿನರಿ. ಆಕಿ ಮುಲಾಖಾತೂ ತಗೋರಿ,” ಅಂದರು ಸಾವ್ಕಾರರು. ನಾವು ಹೋದೆವು.

ಸರ್ವರಿ ಚಾಪೆ ಹಾಕಿದಳು. “ಎಣ್ಣಿದ ಏನದ ಸಾಬ್? ಕುಸುಬಿ ಛಲೋ ಒಣಗಬೇಕು. ಎತ್ತಿಗಿ ಹೊಟ್ಟಿ ತುಂಬ ಹಾಕಬೇಕು. ಗಾಣಕ್ಕ ಅವಸರ ಮಾಡಬಾರದು. ಅಷ್ಟ. ಚಾ ಕುಡೀತೀರೇನು?”

ಸೆಕ್ರೆಟರಿ ಪೆನ್ನು ಬಿಚ್ಚಲೇ ಇಲ್ಲ. “ಹಂಗ ಹೇಳಿದ್ದು ನಡಿಯೂದಿಲ್ಲ ಬೀಬಿ. ರುಮಾಲಿನ್ಯಾಗ ಹೇಳಬೇಕು.”

“ಪರಾಯಿ ಗಂಡಸಿನ ಕೈಯಾಗ ನಾ ಕೈ ಕೊಡ್ಲಾ? ಅದೂ ಈ ಮುದುಕನ ಕೈಯಾಗ? ಮಾರಿ ನೋಡ್ರಿ ಇವಂದು.”

ನಾನಾಗ ಮುದುಕನಾಗಿರಲಿಲ್ಲ.

ಸೆಕ್ರೆಟರಿ ಆಗಿಂದಾಗಲೇ ಒಂದು ಉಪನಿಯಮ ಮಾಡಿದರು: ಒಡತಿ ಒಪ್ಪದಿದ್ದಲ್ಲಿ ಉದ್ಯಮವನ್ನು ತಿರುಗಿಸುವವರು ಉತ್ತರಿಸಬಹುದು. ಗಾಣ ತಿರುಗಿಸುವುದು ಎತ್ತು. ರುಮಾಲಿನ ಕೆಳಗೆ ಎತ್ತಿನ ಗೊರಸು ಇಡಲಾಯಿತು. ಅದರ ಕಣ್ಣಿಗೆ ಗಾಣದ ಪಟ್ಟಿ ಕಟ್ಟಿದ್ದರಿಂದ ಮುಲಾಖಾತು ಪಕ್ಷಪಾತವಿಲ್ಲದೆ ನಡೆಯಿತು. ಗೊರಸು ನನ್ನ ಕೈಯನ್ನು ಒಮ್ಮೆ ಅದುಮಿತು. ಬೇರೆಯವನಾಗಿದ್ದರೆ ಅಲ್ಲೇ ಉರುಳುತ್ತಿದ್ದ. ನಾನು ತುಟಿ ಕಚ್ಚಿ, “ಒಂದು,” ಅಂದೆ. ಎಲ್ಲ ಪ್ರಶ್ನೆಗೂ ಅದೇ ಉತ್ತರ. ಇಷ್ಟು ಒಂದೇ ಮಾತಿನ ಉದ್ಯಮಿಯನ್ನು ತಾವು ಕಂಡಿಲ್ಲವೆಂದು ಸೆಕ್ರೆಟರಿ ಬರೆದುಕೊಂಡರು.

ಆ ಪೊಟ್ಟಣಗಳನ್ನೆಲ್ಲ ಭೀಮಶಾ ಸಾವ್ಕಾರರೇ ಕೊಂಡರು. ಮರುದಿನ ಸರ್ವರಿಯ ಗಾಣಕ್ಕೆ ಅರಗಿನ ಮುದ್ರೆ ಬಿತ್ತು. ಅವಳು ಬಂಡಿ ಹಿಡಿದು ಹುಮನಾಬಾದಿಗೆ ಬಂದಳು.

“ಒಣಗಿದ ಕುಸುಬಿ ಅಂಗಳದಾಗ ಬಿದ್ದದ. ಮಗಳು ಗೌಹರಳ ಶಾದಿ ಈ ಎಣ್ಣಿ ಮ್ಯಾಲ ನಿಂತದ ಸಾಬ್. ಗಾಣ ಬಿಡಸ್ರಿ.”

“ಪೊಟ್ಟಣ ತಗೋ ಬೀಬಿ. ಗಾಣ ನಡಸು,” ಅಂದರು ಸೆಕ್ರೆಟರಿ.

“ಕೊಡ್ರಿ ಮತ್ತ.”

“ತೀರ್ಯಾವ.”

“ನನ್ನ ಕಸುಬಿನ ಜ್ಞಾನ ನನಗ ಇಲ್ಲಾ? ಮುಲಾಖಾತು ನಮ್ಮ ಮನ್ಯಾಗ ಆಗಿಲ್ಲಾ?”

“ಆಗ್ಯದ. ಆದರ ಕೊಟ್ಟಾಕಿ ನೀ ಅಲ್ಲ, ಎತ್ತು. ಮಾಫಿ ಎತ್ತಿಗದ.”

ಕಚೇರಿ ಕಠಿಣ ಹೃದಯದ್ದಲ್ಲ. ಸಂಜೆಯೊಳಗೆ ಗಾಣವನ್ನು ಎತ್ತಿನ ಹೆಸರಿಗೆ ಮಾಡಿ, ಸರ್ವರಿಯನ್ನು ಅದರ ಕೈಕೆಳಗಿನ ಆಳೆಂದು ದಾಖಲಿಸಿ, ಮುದ್ರೆ ಒಡೆದೆವು. ಸಾವ್ಕಾರರು ಹೊಸ ಮಾಲಕರ ಮುಂದೆ ರುಮಾಲು ಹಾಸಿ, ಪಾಲುದಾರಿಕೆ ಕೇಳಿದರು. “ಒಂದು,” ಅಂದೆ. ಎಣ್ಣೆಯ ಎರಡು ಪಾಲಿನಲ್ಲಿ ಒಂದು ಅವರ ಗಿರಣಿಗೆ ಹೋಗತೊಡಗಿತು. ಊರವರು ಗಾಣದ ಮುಂದೆ ಹಾಯುವಾಗ ಚಪ್ಪಲಿ ಬಿಟ್ಟು, ಎತ್ತಿಗೆ ಸಲಾಮು ಹೇಳಿ ಎಣ್ಣೆ ಕೇಳುವುದು ರೂಢಿಯಾಯಿತು.

ಶಾದಿ ಬಂತು. ಸರ್ವರಿ ರಜೆ ಕೇಳಲು ನನ್ನನ್ನೇ ಕರೆದಳು. “ಕೇಳಪಾ ನಿನ್ನ ಮಾಲಕಗ, ಹೆತ್ತಾಕಿಗಿ ಎಷ್ಟು ದಿನ ಬಿಡ್ತಾನಂತ.” ನಾನು ಕೈ ಇಟ್ಟೆ. ಒಂದು.

ನೆರೆದವರು, ಭಾಳ ಉದಾರ ಮಾಲಕರು, ಅಂದರು.

ನಿಕಾಹದ ಮರುದಿನ ಗಂಡಿನವರ ವಲೀಮಾ ಊಟ. ಮುಖ್ಯ ಅತಿಥಿಯಾಗಿ ಎತ್ತನ್ನು ಕರೆತಂದು, ಕೊರಳಿಗೆ ಹಾರ ಹಾಕಿ, ಸಾವ್ಕಾರರ ಪಕ್ಕದಲ್ಲಿ ನಿಲ್ಲಿಸಿದ್ದರು. ಗಾಣ ಮಾತ್ರ ನಿಂತಿರಲಿಲ್ಲ. ಒಂದು ದಿನದ ರಜೆ ನಿಕಾಹಕ್ಕೇ ತೀರಿದ್ದರಿಂದ, ಸರ್ವರಿ ನೊಗಕ್ಕೆ ಹೆಗಲು ಕೊಟ್ಟು ಸುತ್ತುತ್ತಿದ್ದಳು. ಸೆಕ್ರೆಟರಿ ಊಟದ ನಡುವೆ ಎದ್ದು, ಕಣ್ಣಿಗೆ ಪಟ್ಟಿ ಕಟ್ಟಿದ್ದಾಳೋ ಇಲ್ಲವೋ ನೋಡಿ ಬಾ ಎಂದು ನನ್ನನ್ನು ಕಳಿಸಿದರು. ಕಟ್ಟಿದ್ದಳು.

ಆ ದಿನದ ಎಣ್ಣೆ ಎಂದಿನಂತೆಯೇ ಛಲೋ ಇತ್ತೆಂದು ಊರೆಲ್ಲ ಹೇಳಿತು.