ಚಂದ್ರಂಕಿಯ ಮೇಲೆ ಗೇರ್‌ಬಾಕ್ಸು

ನಮ್ಮ ಭಾವನವರಿಗೆ ಹುಚ್ಚು ಎಂದು ಊರವರು ಹೇಳುವುದನ್ನು ನಾನು ಒಪ್ಪುವುದಿಲ್ಲ. ಹುಚ್ಚಿಗಾದರೆ ಮದ್ದುಂಟು! ನೆತ್ತಿಗೆ ಎಣ್ಣೆ ತಟ್ಟಬಹುದು, ನಿಂಬೆಹಣ್ಣು ತಿಕ್ಕಬಹುದು, ಯಾವುದಾದರೂ ದೇವರಿಗೆ ಹರಕೆ ಹೊರಬಹುದು. ಭಾವನವರಿಗೆ ಇದ್ದದ್ದು ಕಾರು. ಅದಕ್ಕೆ ಯಾವ ಪಂಡಿತರ ಹತ್ತಿರ ಔಷಧಿ ಇದೆ, ನೀವೇ ಹೇಳಿ?

ಭಾವನವರೆಂದರೆ ನಮ್ಮ ಯಜಮಾನರ ಅಣ್ಣ. ನಾನು ಗೌರಿಬಿದನೂರಿನ ಮೇಷ್ಟರ ಮಗಳು. ಅರವತ್ತರ ದಶಕ ಆಗತಾನೇ ಶುರುವಾಗಿತ್ತು, ಜಂಗಮಕೋಟೆ ಪಕ್ಕದ ಈ ಮನೆಗೆ ಸೊಸೆಯಾಗಿ ಬಂದೆ. ಹೊಲ, ಹಸು, ರೇಷ್ಮೆ ಹುಳು ಎಲ್ಲಾ ಇದ್ದ ಮನೆ. ಬಂದ ಮರುದಿನವೇ ಅತ್ತೆ ದೇವರ ಮನೆಯ ಕೆಲಸ ನನಗೆ ಒಪ್ಪಿಸಿದರು. ಒಳಗೆ ಹೋಗಿ ನೋಡಿದರೆ ವೆಂಕಟರಮಣನ ಪಟದ ಪಕ್ಕದಲ್ಲಿ ಸುತ್ತಲೂ ಹಲ್ಲಿರುವ ಒಂದು ಕಬ್ಬಿಣದ ಚಕ್ರ! ಸುದರ್ಶನ ಚಕ್ರವಿರಬೇಕು, ಮನೆದೇವರ ಕಡೆಯ ಪದ್ಧತಿ ಇರಬೇಕು ಎಂದುಕೊಂಡೆ. ಹೊಸ ಸೊಸೆ, ಕೇಳುವುದು ಹೇಗೆ? ದಿನವೂ ಅದನ್ನು ಒರೆಸಿ, ಕುಂಕುಮವಿಟ್ಟು, ದಾಸವಾಳ ಮುಡಿಸಿ, ಅಡ್ಡಬಿದ್ದು ಬೇಡಿಕೊಂಡೆ. ಏನು ಬೇಡಿಕೊಂಡೆ ಎಂದು ಮಾತ್ರ ಕೇಳಬೇಡಿ.

ಒಂದು ಬೆಳಿಗ್ಗೆ ಭಾವನವರು ನೇರವಾಗಿ ದೇವರ ಮನೆಗೆ ನುಗ್ಗಿ, ಹೂವನ್ನು ಅತ್ತ ಎಸೆದು, ಕುಂಕುಮವನ್ನು ಪಂಚೆಗೆ ಒರೆಸಿಕೊಂಡು, ಚಕ್ರವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟೇಬಿಟ್ಟರು. ನಾನು ಕಿಟಾರನೆ ಕಿರುಚಿಕೊಂಡೆ. ಅತ್ತೆ ಹಿಟ್ಟಿನ ಕೈಯಲ್ಲೇ ಓಡಿ ಬಂದರು.

"ಅಯ್ಯೋ, ದೇವರನ್ನ ಎತ್ಕೊಂಡು ಹೋದ್ರು ಅತ್ತೆ!"

"ಯಾವ ದೇವರಮ್ಮ? ಅದು ಸೆಕೆಂಡ್ ಗೇರು ಕಣಮ್ಮ! ಬೆಂಗಳೂರಿನ ಗುಜರೀಲಿ ಹುಡುಕ್ಕೊಂಡು ತಂದಿದಾನೆ. ದೇವರ ಪಕ್ಕ ಇಟ್ರೆ ಯಾರೂ ಮುಟ್ಟಲ್ಲ ಅಂತ ಇಟ್ಟಿದ್ದ."

ಇದು ನಾನು ಈ ಮನೆಯಲ್ಲಿ ತಿಂದ ಮೊದಲನೇ ಆಘಾತ. ಒಂದು ಸೆಕೆಂಡ್ ಗೇರಿಗೆ ನಾನು ಗಂಡುಮಗು ಬೇಡಿಕೊಂಡಿದ್ದೆ!

ಕಾರಿನ ಕಥೆ ಆಮೇಲೆ ತಿಳಿಯಿತು. ಅದು ಮಾವನವರು ಬ್ರಿಟಿಷರ ಕಾಲದಲ್ಲಿ ಕೊಂಡದ್ದು, ಕರಿಯ ಬಣ್ಣದ್ದು, ಎಮ್ಮೆಯಷ್ಟೇ ಗಾಂಭೀರ್ಯದ್ದು. ಕಾರು ಬಂದ ದಿನ ಮಾವನವರು, "ಮೊದಲು ನಿನ್ನ ತವರಿಗೇ ಹೋಗಣ" ಎಂದು ಅತ್ತೆಗೆ ಮಾತು ಕೊಟ್ಟರಂತೆ. ತವರು ಚಿಂತಾಮಣಿಗೆ ಈಚೆ ಒಂದು ಹಳ್ಳಿ. ಅಲ್ಲಿ ಅತ್ತೆಯ ಅಣ್ಣ ಊರನ್ನೆಲ್ಲ ಸೇರಿಸಿ, ವಾಲಗದವರನ್ನೂ ಕರೆಸಿ, ಊರಬಾಗಿಲಲ್ಲಿ ಕಾದರು. ಇಲ್ಲಿ ಹೊರಡುವ ಹೊತ್ತಿಗೆ ಯಾರೋ ಹೆಂಗಸಿಗೆ ಹೆರಿಗೆ ನೋವು. ಕಾರು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ತಿರುಗಿತು. ತಪ್ಪೇನೂ ಅಲ್ಲ. ಆದರೆ ಮರುದಿನ ಯಾರದೋ ಮದುವೆ ಹೆಣ್ಣು, ಅದರ ಮರುದಿನ ಯಾರದೋ ಕಾಲು ಮುರಿತ, ಹೀಗೆ ಕಾರು ಊರಿನದಾಯಿತೇ ಹೊರತು ಅತ್ತೆಯದಾಗಲಿಲ್ಲ. ವಾಲಗದವರ ಮುಂದೆ ಮುಖ ಕಳೆದುಕೊಂಡ ಅಣ್ಣ, "ನಿನ್ನ ಗಂಡನ ಕಾರಿಗೆ ನಮ್ಮೂರ ದಾರಿ ಗೊತ್ತಿಲ್ವೇನೋ" ಎಂದು ಹೇಳಿಕಳಿಸಿದರು. ಅತ್ತೆಗೆ ರೇಗಿತು. "ಬಂದ್ರೆ ಅದೇ ಕಾರಲ್ಲಿ ಬರ್ತೀನಿ, ಇಲ್ದಿದ್ರೆ ಬರಲ್ಲ" ಎಂದುಬಿಟ್ಟರು. ಅದೇ ಮಳೆಗಾಲಕ್ಕೆ ಕಾರಿನ ಗೇರ್‌ಬಾಕ್ಸು ಒಡೆಯಿತು. ಮಾವನವರು ಅದರ ಮೇಲೊಂದು ಗೋಣಿತಟ್ಟು ಹೊದಿಸಿ ಕೊಟ್ಟಿಗೆಗೆ ತಳ್ಳಿ, ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕುಳಿತರು. ಅಣ್ಣ ಅಲ್ಲೇ ಉಳಿದರು, ತಂಗಿ ಇಲ್ಲೇ ಉಳಿದರು. ಒಂದು ಗೇರ್‌ಬಾಕ್ಸಿಗೆ ಒಂದು ತವರು ಹೋಯಿತು!

ಭಾವನವರು ದೊಡ್ಡವರಾದ ಮೇಲೆ ಆ ಗೋಣಿತಟ್ಟು ತೆಗೆದರು. ಅಲ್ಲಿಂದಾಚೆಗೆ ಅವರು ಕಾರಿನ ಕೆಳಗಿದ್ದ ಹೊತ್ತೇ ಹೆಚ್ಚು. ಹೆಣ್ಣು ಕೊಡುತ್ತೇವೆಂದು ಪೆರೇಸಂದ್ರದ ಕಡೆಯಿಂದ ಬಂದವರಿಗೂ ಅವರ ಎರಡು ಪಾದಗಳ ದರ್ಶನವಷ್ಟೇ ಆದದ್ದು. "ಹುಡುಗ ಎಲ್ಲಿ?" ಎಂದರೆ ಕೆಳಗಿನಿಂದ ದನಿ ಬಂತಂತೆ: "ಬಂದೆ, ಕ್ಲಚ್ಚು ಬಿಡಿಸ್ತಿದೀನಿ, ಒಂದ್ ಹತ್ ನಿಮಿಷ." ಅವರು ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಪಾದಗಳಿಗೆ ಹೇಳಿ ಹೊರಟುಹೋದರು. ಹಾಗಾಗಿ ತಮ್ಮನಿಗೇ ಮೊದಲು ಮದುವೆಯಾಯಿತು, ನಾನು ಬಂದೆ.

ನಾನು ಬಂದ ವರ್ಷವೇ ಅತ್ತೆಯ ಅಣ್ಣನ ಕೊನೆಯ ಮಗಳಿಗೆ ಮದುವೆ ಗೊತ್ತಾಯಿತು. ಲಗ್ನಪತ್ರಿಕೆ ಬಂತು, ಅದನ್ನು ತಂದವನ ಬಾಯಲ್ಲಿ ಒಂದು ಮಾತೂ ಬಂತು: "ಕಾರಿಗೆ ಇನ್ನೂ ದಾರಿ ಸಿಕ್ಕಿಲ್ದಿದ್ರೆ ಬಸ್ಸಿನ ಟೈಮು ಕೇಳಿಕಳಿಸು ಅಂತ ಹೇಳಿದಾರೆ."

ಅತ್ತೆಯ ಮುಖ ಕೆಂಪಾಯಿತು. "ಹೋದ್ರೆ ಕಾರಲ್ಲಿ. ಇಲ್ದಿದ್ರೆ ಅವನಿಗೂ ನನಗೂ ಇಲ್ಲಿಗೆ ಮುಗೀತು" ಎಂದರು. ಬಾಯಿ ಹಾಗೆ ಹೇಳಿತು. ಮಧ್ಯಾಹ್ನ ನಾನು ಕೊಟ್ಟಿಗೆಗೆ ಹೋದಾಗ ಅವರು ಒಬ್ಬರೇ ಕಾರಿನ ಹಿಂದಿನ ಸೀಟಿನ ಮೇಲೆ ಬಿದ್ದ ಕೋಳಿ ಪುಕ್ಕಗಳನ್ನು ಹೆಕ್ಕಿ, ಸೆರಗಿನಿಂದ ಸೀಟು ಒರೆಸುತ್ತಿದ್ದರು. ನನ್ನನ್ನು ಕಂಡು, "ಕೋಳಿ ಮೊಟ್ಟೆ ಇಟ್ಟಿದ್ಯಾ ಅಂತ ನೋಡ್ದೆ" ಎಂದರು.

ಭಾವನವರು ಅಂದೇ ಗೇರ್‌ಬಾಕ್ಸನ್ನು ಪೂರ್ತಿ ಕಳಚಿದರು. ಅಷ್ಟಕ್ಕೇ ಬಿಟ್ಟರೇ? "ಹೇಗಿದ್ರೂ ಕೈ ಎಣ್ಣೆಯಾಗಿದೆ" ಎಂದು ಹಿಂದಿನ ಚಕ್ರಗಳ ನಡುವೆ ಗಡಿಗೆಯಂತೆ ಉಬ್ಬಿದ್ದ ಡಬ್ಬಿಯನ್ನೂ ಬಿಚ್ಚಿ, ಅದರೊಳಗಿನ ದೊಡ್ಡ ಹಲ್ಲುಚಕ್ರವನ್ನೂ ಹೊರಗೆ ತೆಗೆದರು. ಬಿಚ್ಚಿದ್ದನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದರು. ಆಗ ಮನೆಯಲ್ಲಿ ಹುಳು ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು ಹಗಲೂ ರಾತ್ರಿ ಸೊಪ್ಪು ತಿನ್ನುತ್ತಿದ್ದ ಕಾಲ. ರೇಷ್ಮೆ ಹುಳುವಿನ ಮನೆಯಲ್ಲಿ ಒಗ್ಗರಣೆಯ ಹೊಗೆಗೇ ಅಂಜುತ್ತಾರೆ, ಇನ್ನು ಸೀಮೆಎಣ್ಣೆ! ಅತ್ತೆ ಕೈಯಲ್ಲಿ ಪೊರಕೆ ಹಿಡಿದು ಹೊಸ್ತಿಲಲ್ಲಿ ನಿಂತರು.

"ಒಳಗೆ ಕಾಲಿಟ್ರೆ ಕಾಲ್ ಮುರೀತೀನಿ. ಹುಳಕ್ಕೆ ಏನಾದ್ರೂ ಆದ್ರೆ?"

"ಅಮ್ಮ, ನಾನು ಮಾಡ್ತಿರೋದು ನಿನಗೋಸ್ಕರ ಕಣಮ್ಮ."

"ನನಗೋಸ್ಕರ ಅಂದ್ರೆ ಹುಳ ಕೇಳುತ್ತೇನೋ?"

ಆ ಬೆಳೆ ಮುಗಿಯುವವರೆಗೂ ಭಾವನವರಿಗೆ ಅಂಗಳದಲ್ಲೇ ಊಟ, ಅಂಗಳದಲ್ಲೇ ನಿದ್ದೆ. ಸೀಗೆಪುಡಿ ಹಾಕಿ ಎಷ್ಟು ತಿಕ್ಕಿಕೊಂಡರೂ ಲಾಂದ್ರದ ವಾಸನೆಯೇ. ಮುದ್ದೆಯನ್ನು ನಾನು ದೂರದಿಂದಲೇ ಉರುಳಿಸುವಂತೆ ಬಡಿಸುತ್ತಿದ್ದೆ.

ಇಷ್ಟೆಲ್ಲ ಬಿಚ್ಚಿದ್ದು ಕಲೆಸಿಹೋಗಬಾರದಲ್ಲ? ಅದಕ್ಕೆ ಭಾವನವರು ಒಂದು ಉಪಾಯ ಹೂಡಿದರು. ಹಣ್ಣಾದ ಹುಳು ಗೂಡು ಕಟ್ಟಲಿ ಎಂದು ಬಿಡುವ ಬಿದಿರಿನ ದೊಡ್ಡ ತಟ್ಟೆ ಇರುತ್ತದೆ, ನಾವು ಚಂದ್ರಂಕಿ ಎನ್ನುತ್ತೇವೆ. ಹೊರಗಿನಿಂದ ನಡುವಿನವರೆಗೆ ಸುರುಳಿ ಸುರುಳಿಯಾಗಿ ಬಿದಿರಿನ ಪಟ್ಟಿಯ ಓಣಿ. ಮೊದಲು ಬಿಚ್ಚಿದ್ದು ಹೊರಗೆ, ಕೊನೆಗೆ ಬಿಚ್ಚಿದ್ದು ನಡುವೆ. ಜೋಡಿಸುವಾಗ ನಡುವಿನಿಂದ ಹೊರಕ್ಕೆ ಬಂದರಾಯಿತು. ಯಾವ ಚಕ್ರ ಯಾವ ಮುಖವಾಗಿ ಇತ್ತೋ ಅದೇ ಮುಖವಾಗಿ ಓಣಿಯೊಳಗೆ ಕೂರಿಸಿದರು. ಎಷ್ಟು ಚೆನ್ನಾಗಿತ್ತೆಂದರೆ ಜಗಲಿಯ ಮಾವನವರೇ ಎದ್ದು ಬಂದು ನೋಡಿ, "ಪರವಾಗಿಲ್ಲ ಕಣೋ" ಎಂದರು. ಆ ವರ್ಷವಿಡೀ ಅವರು ಆಡಿದ ಅತಿ ದೊಡ್ಡ ಮಾತು ಅದು.

ಆದರೆ ಹುಳು ಅಂದುಕೊಂಡ ದಿನಕ್ಕಿಂತ ಮುಂಚೆಯೇ ಹಣ್ಣಾಯಿತು! ಹಣ್ಣಾದ ಹುಳು ಕಾಯುವುದಿಲ್ಲ. ತಟ್ಟೆ ಸಿಕ್ಕರೆ ಸರಿ, ಇಲ್ಲದಿದ್ದರೆ ಸೊಪ್ಪಿನ ಮೇಲೇ ನೂಲು ಬಿಟ್ಟು ಕೆಡುತ್ತದೆ. ಮನೆಯ ಚಂದ್ರಂಕಿಗಳೆಲ್ಲ ತುಂಬಿದವು, ಪಕ್ಕದ ಮನೆಯವೂ ತುಂಬಿದವು. ಭಾವನವರು ಗ್ರೀಸು ತರಲು ಶಿಡ್ಲಘಟ್ಟಕ್ಕೆ ಹೋಗಿದ್ದರು. ಅತ್ತೆ ಒಂದು ಗಳಿಗೆಯೂ ಯೋಚಿಸಲಿಲ್ಲ. ಗೇರ್‌ಬಾಕ್ಸಿದ್ದ ಚಂದ್ರಂಕಿಯನ್ನು ಎತ್ತಿ, ಮಂಕರಿಯೊಳಕ್ಕೆ ಮೊರದ ಅಕ್ಕಿ ಸುರಿದಂತೆ ಸುರಿದುಬಿಟ್ಟರು. ಜಣಜಣ ಸದ್ದಿಗೆ ನನ್ನ ಎದೆ ಒಡೆಯಿತು. ಚಂದ್ರಂಕಿಯನ್ನು ಬಿಸಿನೀರಿನಲ್ಲಿ ತಿಕ್ಕಿ, ಒರೆಸಿ, ಬೆಂಕಿಗೆ ಕಾಯಿಸಿ, ಹುಳು ಬಿಟ್ಟೇಬಿಟ್ಟರು.

ಭಾವನವರು ಬಂದು ಮಂಕರಿ ನೋಡಿದರು.

"ಅಮ್ಮ... ನಿನ್ನ ತವರನ್ನ ನೀನೇ ಮಂಕರಿಗೆ ಸುರಿದ್ಯಲ್ಲಮ್ಮ!"

"ಹುಳ ಹಣ್ಣಾಗಿತ್ತು ಕಣೋ. ನಿನ್ನ ಕಬ್ಬಿಣ ಹಣ್ಣಾಗಲ್ವಲ್ಲ, ಕಾಯ್ಲಿ."

ಹೇಳಿದ್ದೇನೋ ಹೇಳಿದರು, ಆದರೆ ಆಮೇಲೆ ಆ ಮಂಕರಿಯ ಕಡೆ ಕಣ್ಣೆತ್ತಿ ನೋಡಲು ಅತ್ತೆಗೆ ಧೈರ್ಯವಾಗಲಿಲ್ಲ. ಭಾವನವರು ನೆನಪಿನ ಮೇಲೆ ಒಂದೊಂದೇ ಜೋಡಿಸತೊಡಗಿದರು. ಮುಗಿದದ್ದು ಮದುವೆಯ ಹಿಂದಿನ ದಿನ. ಹಿಂದಿನ ಗಡಿಗೆಯನ್ನೂ ಮುಚ್ಚಿದರು. ಒಂದು ಸ್ಪ್ರಿಂಗು ಉಳಿದಿತ್ತು. ಅದನ್ನು ನನ್ನ ಕೈಗೆ ಕೊಟ್ಟು, "ದೇವರ ಮನೇಲಿ ಇಡಮ್ಮ" ಎಂದರು.

ಕಾರನ್ನು ಅಂಗಳಕ್ಕೆ ತಳ್ಳಿ ಪೂಜೆ ಮಾಡಿದೆವು. ನಾಲ್ಕು ಚಕ್ರದ ಮುಂದೆ ನಾಲ್ಕು ನಿಂಬೆಹಣ್ಣು. ತೆಂಗಿನಕಾಯಿ ಒಡೆದು ಎಲ್ಲರೂ ಎದುರಿನಿಂದ ದೂರ ಸರಿದು, ಎಚ್ಚರಿಕೆಯಿಂದ ಕಾರಿನ ಹಿಂದೆ ನಿಂತೆವು. ಭಾವನವರು ಫಸ್ಟ್ ಗೇರು ಹಾಕಿ ಕ್ಲಚ್ಚು ಬಿಟ್ಟರು. ಕಾರು ಗುರ್ರ್ ಎಂದು ನಮ್ಮ ಮೇಲೇ ಬಂತು! ನಾನು ಬಾವಿಕಟ್ಟೆ ಹತ್ತಿದೆ, ನಮ್ಮ ಯಜಮಾನರು ಹಸುವಿನ ಬೆನ್ನ ಹಿಂದೆ ಅವಿತರು, ಕಾರು ಹುಲ್ಲಿನ ಮೆದೆಯೊಳಗೆ ಅರ್ಧ ಹೊಕ್ಕು ನಿಂತಿತು. ನಿಂಬೆಹಣ್ಣು ನಾಲ್ಕೂ ಇದ್ದ ಜಾಗದಲ್ಲೇ ಹಳದಿಯಾಗಿ ಹೊಳೆಯುತ್ತಿದ್ದವು.

ಭಾವನವರು ಎಲ್ಲ ಗೇರನ್ನೂ ಹಾಕಿ ನೋಡಿದರು. ಒಂದು, ಎರಡು, ಮೂರು, ಮೂರೂ ಹಿಂದಕ್ಕೆ! ರಿವರ್ಸ್ ಗೇರೊಂದೇ ಮುಂದಕ್ಕೆ, ಅದೂ ತುಂಬು ಗರ್ಭಿಣಿಯ ನಡಿಗೆಯಲ್ಲಿ. ಹಿಂದಿನ ಗಡಿಗೆಯೊಳಗಿನ ದೊಡ್ಡ ಚಕ್ರ ಎಡಗಡೆ ಕೂರಬೇಕಾದದ್ದು ಬಲಗಡೆ ಕೂತುಬಿಟ್ಟಿತ್ತು. ಅದನ್ನು ಬಿಚ್ಚಿ ತಿರುಗಿಸಿ ಕೂಡಿಸಲು ಮೂರು ದಿನ ಬೇಕು. ಮುಹೂರ್ತ ಬೆಳಗಾದರೆ. ಅತ್ತೆ ಒಳಗೆ ಹೋಗಿ, ಮಡಿಸಿಟ್ಟಿದ್ದ ರೇಷ್ಮೆ ಸೀರೆಯನ್ನು ಮತ್ತೆ ಟ್ರಂಕಿಗೆ ಹಾಕತೊಡಗಿದರು. ಅದನ್ನು ನೋಡಿ ನನಗೆ ಕಾರಿನ ಮೇಲೆ ಕಲ್ಲು ಎತ್ತಿಹಾಕುವಷ್ಟು ಸಿಟ್ಟು ಬಂತು.

ಭಾವನವರು ಬಾಗಿಲಲ್ಲಿ ನಿಂತು ಹೇಳಿದರು: "ಅಮ್ಮ, ಸೀರೆ ಈಚೆ ತೆಗಿ. ಕಾರಲ್ಲಿ ಬರ್ತೀನಿ ಅಂತ ತಾನೇ ನೀನು ಹೇಳಿದ್ದು? ಮುಂದಕ್ಕೇ ಬರ್ತೀನಿ ಅಂತ ಹೇಳಿದ್ಯಾ?"

ನಮ್ಮ ಯಜಮಾನರು ಅಣ್ಣನನ್ನೂ ಕಾರನ್ನೂ ನಂಬದೆ ಬೆಳಗಿನ ಬಸ್ಸಿಗೇ ಹೋದರು. ಜಾಣರು! ನಾವು ಉಳಿದವರು ನಿಂಬೆಹಣ್ಣನ್ನು ಚಕ್ರದ ಹಿಂದೆ ಇಟ್ಟು ಹೊರಟೆವು. ಮಾವನವರು ರುಮಾಲು ಸುತ್ತಿ ಮುಂದೆ ಕುಳಿತರು, ಅತ್ತೆಯೂ ನಾನೂ ಹಿಂದೆ. ಭಾವನವರು ಪೂರ್ತಿ ಹಿಂದಕ್ಕೆ ತಿರುಗಿ, ಹಿಂದಿನ ಗಾಜಿನಲ್ಲಿ ದಾರಿ ನೋಡುತ್ತಾ ನಡೆಸಿದರು.

"ಅಮ್ಮ, ತಲೆ ಬಗ್ಸು, ದಾರಿ ಕಾಣಲ್ಲ."

"ತವರಿಗೆ ಹೋಗ್ವಾಗ ತಲೆ ಬಗ್ಸಲ್ಲ ಕಣೋ!"

ಕೊನೆಗೆ ಅತ್ತೆ ತಲೆ ಎತ್ತಿಕೊಂಡೇ ಮೂಲೆಗೆ ಸರಿದು, ತಾವೂ ಹಿಂದಿನ ಗಾಜಿನ ಕಡೆ ಮುಖಮಾಡಿ ತಿರುಗಿ ಕುಳಿತರು, ಬಗ್ಗಿದ್ದು ನಾನು. ಶಿಡ್ಲಘಟ್ಟದಲ್ಲಿ ಪೊಲೀಸಿನವನೊಬ್ಬ ತಡೆದ. "ಎಲ್ಲಿಗ್ರೀ?" "ಚಿಂತಾಮಣಿ ಕಡೆಗೆ." "ಮತ್ತೆ ಮುಖ ಜಂಗಮಕೋಟೆ ಕಡೆಗಿದೆ?" "ಮುಖ ಎಲ್ಲಾದ್ರೂ ಇರ್ಲಿ ಸ್ವಾಮಿ, ಹೋಗೋದು ಚಿಂತಾಮಣಿಗೇ!" ಅವನು ಕೈಯನ್ನು ಎತ್ತಿದ್ದು ಎತ್ತಿದಂತೆಯೇ ನಿಂತ. ದಾರಿಯ ಎತ್ತುಗಳು ಗಾಡಿ ಬಿಟ್ಟು ಹೊಲಕ್ಕೆ ಹಾರಿದವು. ಕೆರೆ ಸಿಕ್ಕಲ್ಲೆಲ್ಲ ಕಾರಿಗೆ ನೀರು ಕುಡಿಸಿದೆವು.

ಚಪ್ಪರದ ಮುಂದೆ ವಾಲಗ ನಡೆಯುತ್ತಿತ್ತು. ನಮ್ಮನ್ನು ಕಂಡದ್ದೇ ತಡ, ವಾಲಗದವರ ಉಸಿರು ನಿಂತಿತು. "ಇದೇಂರಾ ನಾಯನಾ, ಕಾರು ಎನಕ್ಕಿ ವಸ್ತಾ ಉಂದಿ!" ಎಂದು, ಕಾರು ಹಿಂದುಹಿಂದಕ್ಕೆ ಬರುವುದನ್ನು ಕಂಡ ಅತ್ತೆಯ ಅಣ್ಣ ಗಾಬರಿಯಲ್ಲಿ ತೆಲುಗಿಗೇ ಇಳಿದುಬಿಟ್ಟರು. ಹಿಂದಿನ ಗಾಜಿನಲ್ಲಿ ಅತ್ತೆಯ ಮುಖ ಹತ್ತಿರ ಹತ್ತಿರ ಬಂದು ಅವರ ಎದುರಿಗೇ ನಿಂತಿತು. ಮಾವನವರಿಗಿಂತ, ಮಗನಿಗಿಂತ, ಇಂಜಿನ್ನಿಗಿಂತ ಮೊದಲು ಅತ್ತೆ ತವರು ಮುಟ್ಟಿದ್ದರು.

"ಇಷ್ಟು ವರ್ಷಕ್ಕೆ ಬಂದೆ, ಅದೂ ಬೆನ್ನು ತೋರಿಸ್ಕೊಂಡು ಬಂದ್ಯೇನೇ?" ಎಂದರು ಅಣ್ಣ.

"ಬೆನ್ನು ತೋರಿಸಿದ್ದು ಮುಂದೆ ಕೂತಿರೋ ನಮ್ಮೆಜಮಾನ್ರು ಕಣಣ್ಣ. ನಾನು ಮುಖ ತೋರಿಸ್ಕೊಂಡೇ ಬಂದೆ!"

ಅಣ್ಣ ನಗತೊಡಗಿದರು. ನಗುತ್ತಾ ನಗುತ್ತಾ ಅವರ ದನಿ ಬೇರೆಯಾಯಿತು. ಆಮೇಲೆ ಅಣ್ಣ ತಂಗಿ ಇಬ್ಬರೂ ಕಾರಿನ ಬಾಗಿಲು ಹಿಡಿದುಕೊಂಡು ಅತ್ತರು.

ಮದುವೆ ಮುಗಿಸಿ ಹೊರಟಾಗ ಅತ್ತೆಯ ಮಡಿಲಲ್ಲಿ ತವರಿನ ಮಡಿಲಕ್ಕಿ. ಭಾವನವರ ಕತ್ತು ಅಷ್ಟು ಹೊತ್ತಿಗೆ ಬಾತು ಕುಂಬಳಕಾಯಿಯಾಗಿತ್ತು. "ಈಗ ಮುಹೂರ್ತ ಏನಿಲ್ವಲ್ಲೋ. ಮೂತಿ ಹೇಗಿದ್ರೂ ನಮ್ಮೂರ ಕಡೆಗೇ ಇದೆ, ನಿಧಾನವಾಗಿ ಮುಂದಕ್ಕೇ ಹೋಗಣ" ಎಂದರು ಮಾವನವರು. ಭಾವನವರು ಕೇಳಲಿಲ್ಲ. ಬೇಕೆಂದೇ ಕಾರನ್ನು ತಿರುಗಿಸಿ, ಮೂತಿಯನ್ನು ತವರ ಕಡೆ ಮಾಡಿ, ಮತ್ತೆ ಹಿಂದುಹಿಂದಕ್ಕೇ ಹೊರಟರು. ಇಂಥ ಮೊಂಡರನ್ನು ಎಲ್ಲಾದರೂ ಕಂಡಿದ್ದೀರಾ? ನಾನು ಮನಸ್ಸಿನಲ್ಲೇ ಶಪಿಸುತ್ತಾ ಬಗ್ಗಿ ಕುಳಿತೆ.

ಮರುದಿನ ಅವರು ಜಗಲಿಯ ಮೇಲೆ ಕುತ್ತಿಗೆಗೆ ಬಿಸಿ ಉಪ್ಪಿನ ಗಂಟು ಇಟ್ಟುಕೊಂಡು, ಅತ್ತಿತ್ತ ತಿರುಗಲಾಗದೆ ಗೋಡೆ ನೋಡುತ್ತಾ ಕುಳಿತಿದ್ದರು. ನನಗೆ ತಡೆಯಲಾಗಲಿಲ್ಲ. "ಅಲ್ಲಾ ಭಾವ, ಇಷ್ಟು ನೋವಿಟ್ಟುಕೊಂಡು ಯಾಕೆ ಹಾಗೆ ಮಾಡಿದ್ರಿ? ನೇರವಾಗಿ ಬರಬಹುದಿತ್ತಲ್ಲ?"

"ನೇರವಾಗಿ ಬಂದಿದ್ರೆ ಅಮ್ಮನ ಬೆನ್ನು ತವರಿಗೆ ಆಗ್ತಿತ್ತಲ್ಲಮ್ಮ. ನಾನು ಹಿಂದಕ್ಕೆ ತಿರುಗಿದ್ನಲ್ಲ, ದಾರಿ ಉದ್ದಕ್ಕೂ ಅಮ್ಮನ ಮುಖಾನೇ ನೋಡ್ತಿದ್ದೆ. ಮುಂದಿನ ಗಾಜಲ್ಲಿ ಅವರಣ್ಣನ ಮನೆ, ಚಪ್ಪರ, ಊರ ಹುಣಸೇಮರ, ಒಂದೊಂದೇ ಸಣ್ಣದಾಗಿ ಮರೆಯಾಗೋ ತನಕ ಕಣ್ಣು ಮುಚ್ಚದೆ ನೋಡಿದ್ಲು. ಹೆಣ್ಣುಮಕ್ಕಳಿಗೆ ಅದು ಎಲ್ಲಿ ಸಿಗುತ್ತೆ ಹೇಳು?"

ನಾನು ಗೌರಿಬಿದನೂರು ಬಿಟ್ಟ ದಿನ ನೆನಪಾಯಿತು. ಬಸ್ಸು ಹೊರಟಾಗ ಕತ್ತು ತಿರುಗಿಸಿದ್ದೆ. ಪಕ್ಕದಲ್ಲಿದ್ದ ದೊಡ್ಡಮ್ಮ, "ತಿರುಗಿ ನೋಡಬಾರದು ಕಣೇ" ಎಂದು ನನ್ನ ಕೆನ್ನೆ ಹಿಡಿದು ಮುಂದಕ್ಕೆ ಮಾಡಿದ್ದರು. ಬಾಗಿಲಲ್ಲಿ ನಿಂತಿದ್ದ ಅಪ್ಪನ ಮುಖ ಅರ್ಧವೇ ಕಂಡಿತ್ತು.

ನಾನು ಮುಖ ಅತ್ತ ತಿರುಗಿಸಿ, "ಸರಿ, ಇನ್ನಾದರೂ ಆ ಗಡಿಗೆ ಬಿಚ್ಚಿ ಸರಿಮಾಡ್ತೀರೋ ಇಲ್ವೋ?" ಎಂದು ರೇಗಿದೆ.

ಭಾವನವರು ಗೋಡೆಯನ್ನೇ ನೋಡುತ್ತಾ ಹೇಳಿದರು: "ಈಗ್ಲೇ ಬೇಡಮ್ಮ. ಕತ್ತು ನೆಟ್ಟಗಾಗ್ಲಿ, ನಿನ್ನನ್ನ ಒಂದ್ಸಲ ಗೌರಿಬಿದನೂರಿಗೆ ಕರ್ಕೊಂಡು ಹೋಗಿ ಬರ್ತೀನಿ. ಆಮೇಲೆ ಬಿಚ್ಚಿದ್ರಾಯ್ತು."