ಓರೆ ನಿಂತ ಫ್ರಿಜ್ಜು, ಕಾಣೆಯಾದ ಕಾಣೆ

"ಈ ಸಲ ಫ್ರಿಜ್ಜು ನನ್ನ ರಾಜ್ಯ ಕಣೇ ನೊರೀನ್! ನೀನು ಅದರ ಬಾಗಿಲಿಗೆ ಕೈ ಹಚ್ಚೋ ಹಾಗಿಲ್ಲ!" ಎಂದು ಕೆಲ್ವಿನ್ ಪೆನ್‌ರೋಸ್, ತಮ್ಮೂರು ಮೂಂಟಾ ಬಿಟ್ಟು ಪ್ರವಾಸ ಹೊರಟ ದಿನವೇ ಘೋಷಿಸಿದ್ದ. "ವಿಜ್ಞಾನಿಗಳು ಚಳಿ ಅಳೆಯೋದು ಯಾರ ಹೆಸರಲ್ಲಿ ಹೇಳು? ಕೆಲ್ವಿನ್ ಹೆಸರಲ್ಲಿ!"

"ಅವರು ಸೊನ್ನೆಯಿಂದ ಅಳೀತಾರೆ. ನೀನೂ ಅಲ್ಲಿಂದಲೇ ಶುರು ಮಾಡು," ಎಂದಳು ಹೆಂಡತಿ.

ಕೆಲ್ವಿನ್ ನಲವತ್ತು ವರ್ಷ ಊರವರ ಮನೆಗಳಿಗೆ ಟೈಲ್ಸ್ ಕೂರಿಸಿ ನಿವೃತ್ತನಾದವನು. ನೆಲದ ಮಟ್ಟ ನೋಡುವ ರಸಮಟ್ಟ ಅವನ ಕೈಬಿಟ್ಟದ್ದೇ ಇಲ್ಲ. ನೆಲ ಕೂದಲೆಳೆಯಷ್ಟು ಏರುಪೇರಾದರೂ ಕಿತ್ತು ಮತ್ತೆ ಕೂರಿಸುತ್ತಿದ್ದ. ಹಾಗೆ ಮಂಡಿಯೂರಿ ನೆಲ ನೋಡುತ್ತಲೇ ಅವನೊಂದು ಕನಸು ಕಂಡಿದ್ದ. ಕಾರಿನ ಹಿಂದೆ ಎಳೆದೊಯ್ಯುವ ಪುಟ್ಟ ಮನೆಯಂಥ ಒಂದು ಕ್ಯಾರವಾನು, ಅದರೊಳಗೊಂದು ಹಾಸಿಗೆ, ದಿಂಬಿಗೆ ತಲೆಯಿಟ್ಟರೆ ಕಾಲ್ಬೆರಳುಗಳ ಆಚೆಗೆ ಸಮುದ್ರ!

ಸ್ಟ್ರೀಕಿ ಬೇ ಎಂಬ ಊರು ದಾಟಿದ ಮೇಲೆ ಆ ಜಾಗ ಸಿಕ್ಕೇಬಿಟ್ಟಿತು. ಕ್ಯಾರವಾನುಗಳು ತಂಗುವ ಬಯಲಿನ ಮಟ್ಟಸವಾದ ಜಾಗಗಳಿಗೆಲ್ಲ ಮರಳದಿಬ್ಬ ಅಡ್ಡ. ತುದಿಯ ಇಳಿಜಾರಿನಿಂದ ಮಾತ್ರ ಕಡಲು ಕಾಣುತ್ತಿತ್ತು. ಕೆಲ್ವಿನ್ ಗಾಡಿಯನ್ನು ಅಲ್ಲೇ ನಿಲ್ಲಿಸಿದ. ಒಳಗೆ ಸೂಪಿನ ಬಟ್ಟಲು ಮೇಜಿನ ಮೇಲೆ ತಾನಾಗಿ ನಡೆದು ನೊರೀನಳ ಮಡಿಲಿಗೆ ಇಳಿಯಿತು. ಅವಳು ಒರೆಸಿಕೊಂಡು, ಉಳಿದದ್ದನ್ನು ಬಟ್ಟಲು ಕೈಯಲ್ಲೇ ಹಿಡಿದು ಕುಡಿದಳು.

ಇನ್ನು ರಾಜ್ಯದ ಆಡಳಿತ. ಕೆಲ್ವಿನ್ ಟೈಲ್ಸ್ ಕೂರಿಸಿದ ಹಾಗೆಯೇ ಫ್ರಿಜ್ಜು ತುಂಬಿದ. ಸಂದು ಬಿಟ್ಟರೆ ಅದೂ ಒಂದು ಕೆಲಸವೇ! ಚೀಸಿಗೆ ಹಾಲು ತಾಗಿ, ಹಾಲಿಗೆ ಎಲೆಕೋಸು ತಾಗಿ, ತಣ್ಣನೆ ಗಾಳಿ ಸುಳಿಯಲು ಬೆರಳಗಲ ಜಾಗವಿಲ್ಲ. ಉಳಿದ ಚೂರುಪಾರು ಜಾಗಕ್ಕೆ, ಒಲೆಯಿಂದ ಇಳಿಸಿದ ಕುರಿಮಾಂಸದ ಸೂಪನ್ನು ಬಿಸಿಬಿಸಿಯಾಗಿಯೇ ತುರುಕಿದ.

ಅದು ಸದ್ದು ಮಾಡದ ಫ್ರಿಜ್ಜು. ಗ್ಯಾಸಿನ ಪುಟ್ಟ ಉರಿಯಲ್ಲೇ ತಣ್ಣಗಾಗುವ ಮಾಯಗಾರ. ಕೆಲ್ವಿನ್‌ಗೆ ಅದೂ ತನ್ನ ಹಾಗೆ ಕನಸು ಕಾಣುತ್ತಿರುವಂತೆ ತೋರುತ್ತಿತ್ತು. ಮಧ್ಯಾಹ್ನಗಳಲ್ಲಿ ಅವನು ಹಾಸಿಗೆಯ ಮೇಲೆ ಒರಗುತ್ತಿದ್ದ. ನೀಲಿ ನೀರು ಹೆಬ್ಬೆರಳಿನವರೆಗೆ ಬಂದು ಹಿಂದಕ್ಕೆ ಹೋಗುತ್ತಿತ್ತು. ದೂರದ ದೋಣಿಯೊಂದು ಕಿರುಬೆರಳಿನ ಹಿಂದೆ ಮುಳುಗಿ, ನಾಲ್ಕನೇ ಬೆರಳಿನ ಪಕ್ಕ ಮತ್ತೆ ಏಳುತ್ತಿತ್ತು. ತಾನು ಎಚ್ಚರವಾಗಿದ್ದೇನೋ ನಿದ್ದೆಯಲ್ಲಿದ್ದೇನೋ ಎಂಬುದೇ ಅವನಿಗೆ ತಿಳಿಯುತ್ತಿರಲಿಲ್ಲ.

ಅಷ್ಟರಲ್ಲಿ ನೊರೀನ್‌ಗೆ ತಂಗಿ ಡೋರಿಯ ಫೋನು ಬಂತು. ಒಂಬತ್ತು ವರ್ಷ ಮಾತು ಬಿಟ್ಟಿದ್ದ ತಂಗಿ! "ಶುಕ್ರವಾರ ಪರ್ತ್‌ನಿಂದ ಬರ್ತೀನಿ ಅಕ್ಕಾ. ಕಾಣೆ ಮೀನು ಕರಿದು ಹಾಕ್ತೀಯಾ, ಅಮ್ಮ ಹಾಕ್ತಿದ್ದಳಲ್ಲ, ಹಾಗೆ?" ನೊರೀನ್ ಕಣ್ಣೊರೆಸಿಕೊಂಡು ಗಾಳ ಎತ್ತಿಕೊಂಡಳು. ನಾಲ್ಕು ದಿನ ಬಿಸಿಲಲ್ಲಿ ಕೂತು ಇಪ್ಪತ್ತೆರಡು ಕಾಣೆ ಹಿಡಿದಳು.

"ಮೇಲಿನ ಗೂಡಲ್ಲಿ ನೀಲಿ ಡಬ್ಬಿ ಇಟ್ಟಿದ್ದೀನಿ. ಮೀನು," ಎಂದಳು.

"ಅಪ್ಪಣೆ ಇಲ್ಲದೆ ಗಡಿ ದಾಟಿದ್ದೀಯ. ಹೋಗಲಿ, ಕ್ಷಮಿಸಿದ್ದೇನೆ!" ಎಂದ ರಾಜ.

ಶುಕ್ರವಾರ ಬೆಳಗ್ಗೆ ನೊರೀನ್ ತಂಗಿಯನ್ನು ಎದುರುಗೊಳ್ಳಲು ರಸ್ತೆಯ ತಿರುವಿಗೆ ನಡೆದುಹೋದಳು. ಕೆಲ್ವಿನ್ ಚಹಾಕ್ಕೆ ಹಾಲು ಬಗ್ಗಿಸಿದ. ಹಾಲು ಬೀಳಲಿಲ್ಲ, ಗಡ್ಡೆಯಾಗಿ ಜಾರಿತು! ಬೆಣ್ಣೆ ಎತ್ತಿದ. ಅದು ಬೆರಳ ಸಂದಿಯಲ್ಲಿ ಹರಿಯಿತು! ಪಕ್ಕದ ಕ್ಯಾರವಾನಿನ ವಾಂಡಾಳನ್ನು ಕೂಗಿದ. ಜೀವಮಾನವೆಲ್ಲ ಬಸ್ಸು ರಿಪೇರಿ ಮಾಡಿದ ಹೆಂಗಸು.

ವಾಂಡಾ ಫ್ರಿಜ್ಜನ್ನು ಮುಟ್ಟಲೂ ಇಲ್ಲ. ಒಂದು ಮೊಟ್ಟೆ ತೆಗೆದು ನೆಲದ ಮೇಲಿಟ್ಟಳು. ಮೊಟ್ಟೆ ಯೋಚನೆಯನ್ನೂ ಮಾಡದೆ ಉರುಳಿ, ಬಾಗಿಲು ದಾಟಿ, ಮೆಟ್ಟಿಲ ಕೆಳಗೆ ಪಚಕ್ಕೆಂದಿತು.

"ನೋಡಪ್ಪಾ, ಟೈಲ್ಸ್ ಮಹಾಶಯ! ಈ ಫ್ರಿಜ್ಜಿನ ಒಳಗಿರೋ ದ್ರವ ತಾನಾಗಿ ಹರೀಬೇಕು. ಗಾಡಿ ಇಷ್ಟು ಓರೆ ನಿಂತರೆ ಅದು ಹರಿಯೋದೇ ಇಲ್ಲ. ಮೊಟ್ಟೆಗೆ ಗೊತ್ತಾಗಿದ್ದು ನಿನಗೆ ಗೊತ್ತಾಗಲಿಲ್ವಾ?"

ನಲವತ್ತು ವರ್ಷದ ಕಸುಬಿನ ಮಾನ ಮೊಟ್ಟೆಯ ಜೊತೆಗೇ ಮೆಟ್ಟಿಲಿಳಿಯಿತು! ಕೆಲ್ವಿನ್ ಕಾರು ಕಟ್ಟಿ, ಕ್ಯಾರವಾನನ್ನು ಎಳೆದುಕೊಂಡು ಮಟ್ಟಸವಾದ ಜಾಗಕ್ಕೆ ಹೊರಟ. ಆತುರದಲ್ಲಿ ಒಂದೇ ಒಂದು ಸಣ್ಣ ಕೆಲಸ ಮರೆತ. ಫ್ರಿಜ್ಜಿನ ಬಾಗಿಲಿಗೆ ಚಿಲಕ ಹಾಕಲಿಲ್ಲ.

ಗಾಡಿ ನಿಲ್ಲಿಸಿ ಕ್ಯಾರವಾನಿನ ಬಾಗಿಲು ತೆರೆದದ್ದೇ ತಡ, ರಾಜ್ಯವೇ ಹೊರಬಂತು! ಮುಂದೆ ಕುರಿಸೂಪು, ಹಿಂದೆ ಎಲೆಕೋಸು, ಕೊನೆಗೆ ಮೆಟ್ಟಿಲ ಮೇಲೆ ಟಣಟಣ ಎನ್ನುತ್ತ ನೀಲಿ ಡಬ್ಬಿ. ಮುಚ್ಚಳ ಹಾರಿತು, ಮೀನಿನ ತುಂಡುಗಳು ಹುಲ್ಲಿನ ಮೇಲೆ ಚೆಲ್ಲಿದವು. ಮರಳದಿಬ್ಬದ ಮೇಲೆ ಧ್ಯಾನಕ್ಕೆ ಕೂತಿದ್ದ ನಾಲ್ಕು ಹೆಜ್ಜಾರ್ಲೆಗಳು ಕಣ್ಣು ಬಿಟ್ಟವು. ಮೊಳದುದ್ದದ ಕೊಕ್ಕು, ಅದರ ಕೆಳಗೆ ಚೀಲ. ಮದುವೆಯೂಟಕ್ಕೆ ಬರುವ ಹಿರಿಯರಂತೆ ಗಂಭೀರವಾಗಿ ನಡೆದು ಬಂದವು.

"ಬೇಡ್ರೋ! ಅದು ನನ್ನ ನಾದಿನಿಗೆ! ಒಂಬತ್ತು ವರ್ಷ ಆಯ್ತು ಅಕ್ಕತಂಗಿ ಮಾತಾಡಿ!" ಎಂದು ಕೆಲ್ವಿನ್ ಎಲೆಕೋಸು ಬೀಸಿದ. ಹಿರಿಯ ಹೆಜ್ಜಾರ್ಲೆ ಅವನನ್ನು ಕನಿಕರದಿಂದ ನೋಡಿ ತಲೆ ಎತ್ತಿತು. ಗಂಟಲ ಚೀಲ ಒಮ್ಮೆ ಅಲುಗಿತು. ಅಷ್ಟೇ!

ಅಕ್ಕತಂಗಿಯರು ತೋಳಿಗೆ ತೋಳು ಕೊಟ್ಟುಕೊಂಡು ಬಂದಾಗ, ಕೆಲ್ವಿನ್ ಬರಿದಾದ ಡಬ್ಬಿ ಹಿಡಿದು ಸೂಪಿನ ನಡುವೆ ಕೂತಿದ್ದ.

"ನೊರೀನ್... ಕಾಣೆ..."

"ಏನು ಕಾಣೆ?"

"ಕಾಣೆ ಕಾಣೆ!"

ಡೋರಿ ಅಕ್ಕನ ಕಿವಿಯಲ್ಲಿ, "ಭಾವ ಇನ್ನೂ ಹೀಗೇನಾ?" ಎಂದಳು.

"ಈಗ ಇನ್ನೂ ಚೆನ್ನಾಗಿ ಹೀಗೆ," ಎಂದು ನೊರೀನ್ ಡಬ್ಬಿ ಮೂಸಿ ನೋಡಿ ನಕ್ಕಳು. "ಅಳಬೇಡ ಮಾರಾಯ. ಇದರಲ್ಲಿದ್ದಿದ್ದು ಗಾಳಕ್ಕೆ ಸಿಗಿಸೋ ಹಳೇ ಮೀನು. ಕಾಣೆ ಹಿಡಿದ ದಿನದಿಂದ ವಾಂಡಾಳ ಐಸ್ ಪೆಟ್ಟಿಗೆಯಲ್ಲಿದೆ. ನಿನ್ನ ರಾಜ್ಯದಲ್ಲಿ ಇಡೋಕೆ ನನಗೇನು ತಲೆ ಕೆಟ್ಟಿತ್ತಾ?"

ವಾಂಡಾ ತುಟಿ ಕಚ್ಚಿಕೊಂಡು ಪೆಟ್ಟಿಗೆ ತಂದಿಟ್ಟಳು. ಇಪ್ಪತ್ತೆರಡೂ ಇದ್ದವು. ಕಾವಲಿ ಕಾಯಿತು. ಮೊದಲ ತುಂಡು ಬಾಯಿಗಿಟ್ಟ ಡೋರಿ ಅಕ್ಕನ ಕೈ ಹಿಡಿದಳು. ಒಂಬತ್ತು ವರ್ಷ ಅಲ್ಲಿಗೆ ಮುಗಿಯಿತು.

ತಟ್ಟೆ ತೊಳೆಯುವಾಗ ಕೆಲ್ವಿನ್ ಮೆಲ್ಲಗೆ ಕೇಳಿದ. "ಫ್ರಿಜ್ಜು ತಣ್ಣಗಾಗ್ತಿಲ್ಲ ಅಂತ ನಿನಗೆ ಮೊದಲೇ ಗೊತ್ತಿತ್ತಾ?"

"ಮೊದಲ ದಿನವೇ."

"ಗಾಡಿ ಓರೆ ನಿಂತಿದ್ದಕ್ಕೇ ಅಂತಾನೂ?"

"ಹೂಂ."

"ಹಾಗಾದರೆ ಬಾಯಿ ಬಿಟ್ಟು ಹೇಳಬಾರದಿತ್ತಾ!"

ನೊರೀನ್ ಕಿಟಕಿಯಿಂದ ಆಚೆ ನೋಡಿದಳು. ಮರಳದಿಬ್ಬ, ಅದರ ಮುಂದೆ ಯಾರೋ ಒಣಹಾಕಿದ ಪಟ್ಟೆಪಟ್ಟೆ ಚಡ್ಡಿ.

"ಆ ಹಾಸಿಗೆಯಲ್ಲಿ ನೀನೊಬ್ಬನೇ ಮಲಗ್ತಿದ್ದೆಯೇನೋ? ಸಮುದ್ರ ನನಗೂ ಕಾಣ್ತಿತ್ತು. ಜುಜುಬಿ ಬೆಣ್ಣೆಗೋಸ್ಕರ ಅದನ್ನೇ ಕಾಣೆ ಮಾಡಿಟ್ಟೆಯಲ್ಲ!"